ಸಾಲಿಗೆ ಕಳಿಸದಿದ್ದರೆ ಒಂದು ರೂಪಾಯಿ ದಂಡ

1920ರ ಸುಮಾರಿಗೆ ರಾಯಬಾಗದ ರೈತನೊಬ್ಬ ಮಗನನ್ನು ಸಾಲಿ ಬಿಡಿಸಿ ದನ ಕಾಯಲು ಅಟ್ಟಿದರೆ ಅದು ಕಾಯ್ದೆಯ ಕಣ್ಣಿನಲ್ಲಿ ತಪ್ಪು. ಪಕ್ಕದ ಚಿಕ್ಕೋಡಿಯಲ್ಲೋ ಅಥಣಿಯಲ್ಲೋ ಇನ್ನೊಬ್ಬ ರೈತ ಅದನ್ನೇ ಮಾಡಿದರೆ ಕೇಳುವವರಿಲ್ಲ. ಇಬ್ಬರೂ ಒಂದೇ ಜೋಳ ಬೆಳೆಯುವವರು, ಒಂದೇ ಸಂತೆಗೆ ಹೋಗುವವರು. ಆದರೆ ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು.

ಕೊಲ್ಲಾಪುರದ ಶಾಹೂ ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಯೂ ಕಡ್ಡಾಯವಾಗಿಯೂ ಮಾಡಿದರು. ಅದು ಹಂತಹಂತವಾಗಿ ಜಾರಿಗೆ ಬಂತು. ಮಗುವನ್ನು ಕಳಿಸದ ತಂದೆಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಕೂಲಿಯನ್ನು ಆಣೆಗಳಲ್ಲಿ ಎಣಿಸುತ್ತಿದ್ದ ಕಾಲದಲ್ಲಿ ರೂಪಾಯಿ ಎಂದರೆ ಮನೆಯ ಲೆಕ್ಕವೇ ಏರುಪೇರಾಗುವಷ್ಟು ದುಡ್ಡು. 1919ರಲ್ಲಿ ಅಸ್ಪೃಶ್ಯರಿಗೆಂದೇ ನಡೆಯುತ್ತಿದ್ದ ಬೇರೆ ಶಾಲೆಗಳನ್ನು ಮುಚ್ಚಿಸಿ, ಆ ಮಕ್ಕಳನ್ನು ಎಲ್ಲರ ಜೊತೆಗೇ ಕೂರಿಸಬೇಕೆಂಬ ಆಜ್ಞೆಯೂ ಹೊರಟಿತು.

ಬ್ರಿಟಿಷರ ಕಡೆ ಈ ಮಾತು ಎದ್ದು ಬಿದ್ದು ಹೋಗಿತ್ತು. ನಿಪ್ಪಾಣಿಗೆ ಹತ್ತಿರದ ಕಾಗಲದಲ್ಲಿ ಬಾಲ್ಯ ಕಳೆದ ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಕಡ್ಡಾಯ ಶಿಕ್ಷಣದ ಮಸೂದೆ ಮಂಡಿಸಿದ್ದರು. ಮರುವರ್ಷದ ಮಾರ್ಚ್‌ನಲ್ಲಿ ಅದರ ಪರವಾಗಿ ಬಿದ್ದದ್ದು 13 ಮತ, ವಿರುದ್ಧ 38. ಮುಂಬಯಿ ಪ್ರಾಂತ್ಯದಲ್ಲಿ 1918ರಲ್ಲಿ ಬಂದ ಕಾಯ್ದೆಯೂ ಮಾಡಬೇಕೆಂದು ಹೇಳಲಿಲ್ಲ, ಪುರಸಭೆಗಳು ಮನಸ್ಸಿದ್ದರೆ ಮಾಡಬಹುದು ಎಂದಿತು.

ಹಳೆಯ ಕಾಲದವರು ಮಕ್ಕಳಿಗೆ ಹೇಗೆ ಕಲಿಸುತ್ತಿದ್ದರು, ನಾವು ಹೇಗೆ ಕಲಿಸುತ್ತೇವೆ ಎಂಬ ಚರ್ಚೆ ಬಂದಾಗಲೆಲ್ಲ ಗುರುಕುಲದ ಚಿತ್ರವೊಂದು ಕಣ್ಣೆದುರು ಬರುತ್ತದೆ: ಮರದಡಿಯ ಗುರು, ಸುತ್ತ ಶಿಷ್ಯರು. ಅಥಣಿ, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ, ಕಾಗವಾಡ ಎಂಬ ಈ ಐದು ತಾಲ್ಲೂಕುಗಳ ಚರಿತ್ರೆಗೆ ಆ ಚಿತ್ರ ಸಾಲದು. ಇಲ್ಲಿ ಕಲಿಕೆಗೆ ಹಲವು ಮನೆಗಳಿದ್ದವು: ಅಗ್ರಹಾರದ ಶಾಲೆ, ಬಸದಿ, ಮಠ, ಗಾವಠಿ ಶಾಲೆ, ಎಲ್ಲಕ್ಕಿಂತ ಹೆಚ್ಚು ಮಕ್ಕಳು ಕಲಿತ ಅಪ್ಪನ ಅಂಗಳ. ಒಂದೊಂದು ಮನೆಯ ಬಾಗಿಲೂ ಕೆಲವರಿಗೆ ಮಾತ್ರ ತೆರೆಯುತ್ತಿತ್ತು. ಒಳಗೆ ಹೋದ ಮೇಲೆ ಊಟಕ್ಕೆ, ದೀಪದೆಣ್ಣೆಗೆ ಕೊರತೆ ಇರಲಿಲ್ಲ. ಕಷ್ಟವಿದ್ದದ್ದು ಒಳಗೆ ಹೋಗುವುದರಲ್ಲಿ.

ಅಗ್ರಹಾರದ ಶಾಲೆ ಹೇಗಿತ್ತೆಂದು ನೋಡಲು ಅಥಣಿಯಿಂದ ಪೂರ್ವಕ್ಕೆ ವಿಜಯಪುರ ದಾಟಿ ಇಂಡಿ ತಾಲ್ಲೂಕಿನ ಸಾಲೋಟಗಿಗೆ ಹೋಗಬೇಕು. ಅಲ್ಲಿನ ಕಂಬವೊಂದರ ಮೇಲೆ 945ರ ಸಂಸ್ಕೃತ ಶಾಸನವಿದೆ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬಂದು ಸೇರಿದ್ದರು. ಅವರು ಉಳಿದುಕೊಳ್ಳಲು 27 ಮನೆಗಳು. ಖರ್ಚಿಗೆಂದು 500 ನಿವರ್ತನ ಭೂಮಿ, ದೀಪಕ್ಕೆಂದು ಬೇರೆಯಾಗಿ 12 ನಿವರ್ತನ. ಶಾಸನದಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ್ದು ಊರವರ ಪಾಲು. ಯಾರದಾದರೂ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿಯಾದರೆ ಅದರ ಅರ್ಧ, ಚೌಲವಾದರೆ ಆ ಅರ್ಧದಲ್ಲಿ ಅರ್ಧ. ಊರಿನ ಪ್ರತಿ ಶುಭಕಾರ್ಯದಲ್ಲೂ ಸಾಲಿಗೊಂದು ಪಾಲು ಎತ್ತಿಡಬೇಕು. ಇಂದಿನ ಯಾವ ಶಾಲಾಭಿವೃದ್ಧಿ ಸಮಿತಿಗೂ ಹೊಳೆಯದ ಉಪಾಯ ಇದು, ಹೊಳೆದರೂ ಊರಲ್ಲಿ ಹೇಳುವ ಧೈರ್ಯ ಬರಲಿಕ್ಕಿಲ್ಲ.

ಮುಂಜಿಯ ಮಾತು ಬಂದ ಮೇಲೆ ಅಲ್ಲಿ ಕಲಿಯುತ್ತಿದ್ದವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಆ ಭೂಮಿ ಉಳುತ್ತಿದ್ದವನ ಮಗನಿಗೆ ಆ 27 ಮನೆಗಳಲ್ಲಿ ಜಾಗವಿರಲಿಲ್ಲ, ಮಗಳ ಮಾತು ದೂರವೇ ಉಳಿಯಿತು. ಕಲಬುರಗಿ ಕಡೆಯ ನಾಗಾವಿಯ 1058ರ ಶಾಸನದಲ್ಲಿ ಪುಸ್ತಕ ಭಂಡಾರ ನೋಡಿಕೊಳ್ಳಲೆಂದೇ ಆರು ಮಂದಿಯ ಲೆಕ್ಕ ಬರುತ್ತದೆ. ಓದಿದಾಗ ಅಭಿಮಾನ ಉಕ್ಕುವುದು ಸಹಜ. ಆದರೆ ಆ ಪುಸ್ತಕ ಯಾರ ಕೈಗೆ ಸಿಗುತ್ತಿತ್ತು ಎಂದು ಕೇಳದೆ ಹೆಮ್ಮೆಪಟ್ಟರೆ ಆ ಹೆಮ್ಮೆ ಅರ್ಧ ಲೆಕ್ಕದ್ದು.

ಜೈನರು ಗಟ್ಟಿಯಾಗಿ ನೆಲೆಯೂರಿದ ಕಾಗವಾಡ, ಶೇಡಬಾಳ, ಸದಲಗಾ, ಭೋಜ, ಕೋಥಳಿ ಭಾಗದಲ್ಲಿ ವಿದ್ಯೆ ಬೇರೆ ದಾರಿಯಲ್ಲೂ ಹರಿಯಿತು. ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರವನ್ನೂ ದಾನವೆಂದೇ ಎಣಿಸಿದ ಧರ್ಮ ಅದು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಕನ್ನಡಿಗರಿಗೆಲ್ಲ ತಿಳಿದ ಮಾತು. ಈ ಪರಂಪರೆ ಎಷ್ಟು ದೂರ ಬಂತು, ಹೊಸ ಕಾಲದ ಶಾಲೆಯೊಡನೆ ಹೇಗೆ ಮುಖಾಮುಖಿಯಾಯಿತು ಎಂದು ನೋಡಬೇಕಾದರೆ ದೂಧಗಂಗಾ ತೀರದ ಸದಲಗಾ ಒಂದೇ ಊರು ಸಾಕು.

1906ರಲ್ಲಿ ಅಲ್ಲಿನ ಜೈನ ಪುರೋಹಿತರ ಮನೆಯಲ್ಲಿ ಆದಿನಾಥ ನೇಮಿನಾಥ ಉಪಾಧ್ಯೆ ಹುಟ್ಟಿದರು. ಊರಿನ ಸಾಲಿ ಮುಗಿಸಿ ಬೆಳಗಾವಿಯ ಗಿಲಗಂಚಿ ಅರಟಾಳ ಹೈಸ್ಕೂಲಿಗೆ ಹೋದರು. 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯ ಶಾಲೆ ಅದು. 1930ರಲ್ಲಿ ಎಂ.ಎ. ಪದವಿ, ಅದೇ ವರ್ಷ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುವ ಕೆಲಸ. ಮನೆತನದಲ್ಲಿ ಪೂಜೆಗಿಟ್ಟ ಓಲೆಗರಿಯನ್ನು ಅವರು ಸಂಶೋಧಕನ ಮೇಜಿಗೆ ತಂದರು. ಕುಂದಕುಂದರ ಪ್ರವಚನಸಾರವನ್ನು ಸಂಪಾದಿಸಿ 1935ರಲ್ಲಿ ಹೊರತಂದಾಗ ಪಾಠಾಂತರ, ಕಾಲನಿರ್ಣಯಗಳೆಲ್ಲ ವಿಶ್ವವಿದ್ಯಾಲಯದ ಶಿಸ್ತಿನವಾಗಿದ್ದವು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಉಪಾಧ್ಯೆ ಹುಟ್ಟಿದ ನಲವತ್ತು ವರ್ಷಗಳ ನಂತರ, 1946ರಲ್ಲಿ, ಅದೇ ಸದಲಗಾದಲ್ಲಿ ವಿದ್ಯಾಧರನೆಂಬ ಹುಡುಗ ಹುಟ್ಟಿದ. ಕನ್ನಡ ಸಾಲಿ ಕಲಿತ, ಮುಂದಿನ ಓದಿಗೆ ಪಕ್ಕದ ಬೇಡಕಿಹಾಳಕ್ಕೆ ಹೋದ. ಆಮೇಲೆ ಆಧುನಿಕ ಶಿಕ್ಷಣ ಹಾಕಿಕೊಟ್ಟ ದಾರಿಯನ್ನೇ ಬಿಟ್ಟು ರಾಜಸ್ಥಾನಕ್ಕೆ ಹೊರಟ. ಅಲ್ಲಿ ವಯೋವೃದ್ಧ ಮುನಿ ಜ್ಞಾನಸಾಗರರ ಬಳಿ ಕೂತು ಸಂಸ್ಕೃತ, ಪ್ರಾಕೃತ, ಹಿಂದಿ ಕಲಿತ. ಪರೀಕ್ಷೆಯಿಲ್ಲ, ಸರ್ಟಿಫಿಕೇಟ್ ಇಲ್ಲ, ತರಗತಿಯಲ್ಲಿ ಇನ್ನೊಬ್ಬ ಹುಡುಗನಿಗಿಂತ ಮುಂದೆ ಹೋಗುವ ಓಟವೂ ಇಲ್ಲ. 1968ರಲ್ಲಿ ಅಜ್ಮೇರಿನಲ್ಲಿ ದೀಕ್ಷೆ. ನಾಲ್ಕು ವರ್ಷಕ್ಕೆ ಗುರು ತಮ್ಮ ಆಚಾರ್ಯ ಪದವಿಯನ್ನೇ ಶಿಷ್ಯನಿಗೆ ಬಿಟ್ಟುಕೊಟ್ಟರು. ಆಚಾರ್ಯ ವಿದ್ಯಾಸಾಗರರೆಂದು ದೇಶಕ್ಕೆಲ್ಲ ಪರಿಚಿತರಾದ ಈ ಕನ್ನಡದ ಹುಡುಗ ‘ಮೂಕಮಾಟಿ’ ಎಂಬ ಮಹಾಕಾವ್ಯ ಬರೆದದ್ದು ಹಿಂದಿಯಲ್ಲಿ. 2024ರ ಫೆಬ್ರುವರಿಯಲ್ಲಿ ಡೊಂಗರಗಢದಲ್ಲಿ ಅವರ ಸಮಾಧಿಯಾಯಿತು.

ಒಂದೇ ಊರು, ಒಂದೇ ಧರ್ಮ, ಒಂದೇ ಶತಮಾನ. ಒಬ್ಬರಿಗೆ ಹೊಸ ಶಾಲೆ ದಾರಿಯಾಯಿತು, ಇನ್ನೊಬ್ಬರು ಅದರಿಂದ ಎದ್ದು ಹೊರಟ ಮೇಲೆ ಅವರ ವಿದ್ಯಾಭ್ಯಾಸ ಶುರುವಾಯಿತು. ಪ್ರಾಚೀನ ಶಿಕ್ಷಣ ಮುಗಿದ ಕಡೆ ಆಧುನಿಕ ಶಿಕ್ಷಣ ಆರಂಭವಾಗುತ್ತದೆಂದು ಗೆರೆ ಎಳೆಯುವವರಿಗೆ ಸದಲಗಾ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಗುರುವಿನ ಮನೆಯ ಶಿಕ್ಷಣದ ಬಲ ಏನೆಂದೂ ಇಲ್ಲಿ ಕಾಣುತ್ತದೆ: ಒಬ್ಬ ಶಿಷ್ಯನಿಗೆ ಒಬ್ಬ ಗುರುವಿನ ಪೂರ್ತಿ ಹೊತ್ತು. ಅದರ ಮಿತಿಯೂ ಅದೇ. ಲಕ್ಷ ಮಕ್ಕಳಿಗೆ ಲಕ್ಷ ಜ್ಞಾನಸಾಗರರನ್ನು ಎಲ್ಲಿಂದ ತರುವುದು?

ಶಾಸನ ಬರೆಸಿದವರ ಮಕ್ಕಳೂ ಅಲ್ಲದ, ಮುನಿಗಳ ಶಿಷ್ಯರೂ ಅಲ್ಲದ ಸಾಮಾನ್ಯರ ಮಕ್ಕಳಲ್ಲಿ ಅಕ್ಷರದ ಆಸೆಯಿದ್ದವರಿಗೆ ಗಾವಠಿ ಶಾಲೆ ಇತ್ತು. ಗುಡಿಯ ಪೌಳಿಯಲ್ಲೋ ಮಠದ ಪಡಸಾಲೆಯಲ್ಲೋ ಕೂರುತ್ತಿದ್ದ ಈ ಶಾಲೆಯ ಒಳಗಿನ ನೋಟ ನಮಗೆ ಸಿಗುವುದು ಬಳ್ಳಾರಿಯಿಂದ. 1823ರಲ್ಲಿ ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳನ್ನು ಎಣಿಸಿ ಸರಕಾರಕ್ಕೆ ವರದಿ ಕಳಿಸಿದ. 533 ಶಾಲೆ, 6,641 ವಿದ್ಯಾರ್ಥಿಗಳು, ಅವರಲ್ಲಿ ಹುಡುಗಿಯರು ಅರವತ್ತು. ಐದನೆಯ ವರ್ಷಕ್ಕೆ ಅಕ್ಷರಾಭ್ಯಾಸ. ಮೊದಲು ಉಸುಕಿನ ಮೇಲೆ ಬೆರಳಿನಿಂದ ತಿದ್ದುವುದು, ಕೈ ಕುದುರಿದ ಮೇಲೆ ಗರಿಯ ಮೇಲೆ ಕಂಠ.

ಬೆಳಗಿನ ಆರು ಗಂಟೆಗೆ ಸಾಲಿ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಮರ್ಯಾದೆ. ಎರಡನೆಯವನ ಅಂಗೈಗೆ ಸೊನ್ನೆ: ಅವನನ್ನು ಹೊಗಳುವಂತೆಯೂ ಇಲ್ಲ, ಬೈಯುವಂತೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಕೊನೆಗೆ ಬಂದವನ ಗತಿ ಊಹಿಸಬಹುದು. ಲೆಕ್ಕ ಕಲಿಯುವ ಮೊದಲೇ ಅವನ ಅಂಗೈಗೆ ಲೆಕ್ಕ ಬರುತ್ತಿತ್ತು. ಇದಕ್ಕಿಂತ ಕಟುವಾದ ಶಿಕ್ಷೆಗಳನ್ನೂ ಕ್ಯಾಂಪ್‌ಬೆಲ್ ಬರೆದಿದ್ದಾನೆ: ಎರಡೂ ಕೈ ಕಟ್ಟಿ ಮೇಲಕ್ಕೆ ತೂಗುಹಾಕುವುದು, ನಿಲ್ಲಿಸದೆ ಬಸ್ಕಿ ಹೊಡೆಸುವುದು.

ಬೆತ್ತಕ್ಕೆ ದೇಶಕಾಲಗಳಿಲ್ಲ. ನಾಲ್ಕು ಸಾವಿರ ವರ್ಷ ಹಿಂದಿನ ಸುಮೇರಿನ ಮಣ್ಣಿನ ಫಲಕವೊಂದರಲ್ಲಿ ಶಾಲಾ ಹುಡುಗನೊಬ್ಬನ ದಿನಚರಿಯಿದೆ. ತಡವಾಗಿ ಬಂದದ್ದಕ್ಕೆ ಏಟು, ಮಾತಾಡಿದ್ದಕ್ಕೆ ಏಟು, ಎದ್ದು ನಿಂತದ್ದಕ್ಕೆ ಏಟು, ಅಕ್ಷರ ಚೆನ್ನಾಗಿಲ್ಲವೆಂದು ಮತ್ತೆ ಏಟು. ಕೊನೆಗೆ ಹುಡುಗ ಅಪ್ಪನಿಗೆ ಹೇಳಿ ಮಾಸ್ತರರನ್ನು ಊಟಕ್ಕೆ ಕರೆಸುತ್ತಾನೆ. ಹೊಸ ಬಟ್ಟೆ, ಉಂಗುರ ಸಂದಾಯವಾಗುತ್ತದೆ, ಮಾಸ್ತರರಿಗೆ ಹುಡುಗ ಒಮ್ಮೆಲೇ ಜಾಣನಾಗಿ ಕಾಣುತ್ತಾನೆ.

ಅದೇ ಕ್ಯಾಂಪ್‌ಬೆಲ್ ಗಾವಠಿ ಶಾಲೆಯ ಒಂದು ಪದ್ಧತಿಯನ್ನು ಬಾಯ್ತುಂಬ ಹೊಗಳಿದ್ದಾನೆ. ದೊಡ್ಡ ಹುಡುಗರು ಸಣ್ಣವರಿಗೆ ಹೇಳಿಕೊಡುವುದು, ಅದರಿಂದ ತಾವೂ ಗಟ್ಟಿಯಾಗುವುದು. ಮದರಾಸಿನ ಅನಾಥಾಲಯವೊಂದರಲ್ಲಿ ಆ್ಯಂಡ್ರೂ ಬೆಲ್ ಎಂಬ ಪಾದ್ರಿ ಇದನ್ನು ಪ್ರಯೋಗಿಸಿ, 1797ರಲ್ಲಿ ಪುಸ್ತಕ ಬರೆದು, ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಮದರಾಸು ಪದ್ಧತಿಯೆಂಬ ಹೆಸರಿನಲ್ಲಿ ಒಯ್ದಿದ್ದ. ಅದೇ ಇಂಗ್ಲಿಷರ ಆಡಳಿತದಲ್ಲಿ ಇಲ್ಲಿ ತರಗತಿ, ಗಂಟೆ, ಇನ್ಸ್‌ಪೆಕ್ಟರು ಬಂದ ಮೇಲೆ ಒಂದೊಂದು ವಯಸ್ಸಿನವರು ಒಂದೊಂದು ಕೋಣೆಯಲ್ಲಿ ಬೇರೆಯಾದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ, ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಕೊಠಡಿಗಳಲ್ಲಿ ಒಂದರಿಂದ ಮೂರನೆಯ ಇಯತ್ತೆಯ ಮಕ್ಕಳು ಮತ್ತೆ ಒಟ್ಟಿಗೆ ಚಾಪೆಯ ಮೇಲೆ ಗುಂಪುಗುಂಪಾಗಿ ಕೂತಿದ್ದಾರೆ. ಹೊಸದೆಂದು ಬಂದದ್ದರಲ್ಲಿ ಹಳೆಯ ಪೌಳಿಯ ಗುರುತು ಹಿಡಿಯಲು ಬಹಳ ಕಷ್ಟವಿಲ್ಲ. ಬೆತ್ತ ಮಾತ್ರ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ಕಿತ್ತುಕೊಂಡಿದೆ.

ಊಟದ ಕತೆಯೂ ಹೀಗೆಯೇ. ಮಠದಲ್ಲಿ ಉಂಡು ಸಾಲಿ ಕಲಿತವರ ತಲೆಮಾರೊಂದು ಈ ಭಾಗದಲ್ಲಿತ್ತು. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ (1836-1921) ಪ್ರಭಾವಳಿಯಲ್ಲಿ ಬೆಳೆದ ಮೃತ್ಯುಂಜಯ ಸ್ವಾಮಿಗಳು ಧಾರವಾಡದ ಮುರುಘಾಮಠದಲ್ಲಿ ನಡೆಸಿದ ಪ್ರಸಾದ ನಿಲಯ ಎಷ್ಟೋ ಹಳ್ಳಿ ಹುಡುಗರಿಗೆ ಕಾಲೇಜಿನ ಬಾಗಿಲು ತೋರಿಸಿತು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಸಮುದಾಯಕ್ಕೊಂದರಂತೆ ಬೋರ್ಡಿಂಗುಗಳಿಗೆ ಆಸರೆ ಕೊಟ್ಟರು. 1901ರಲ್ಲಿ ಮರಾಠರದು, ಜೈನರದು, 1907ರಲ್ಲಿ ಲಿಂಗಾಯತರದು. ಜಾತಿಗೊಂದು ಬೋರ್ಡಿಂಗ್ ಎಂದು ಇಂದು ಮೂಗು ಮುರಿಯುವುದು ಸುಲಭ. ಪೇಟೆಯಲ್ಲಿ ಬೇರೆ ಜಾತಿಯ ಹುಡುಗನಿಗೆ ಒಂದು ತಂಬಿಗೆ ನೀರು ಸಿಗದ ಕಾಲವದು, ಅನ್ನ ಎಲ್ಲಿಂದ ಬರಬೇಕು? 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ದಲಿತರ ಪ್ರಾಂತೀಯ ಪರಿಷತ್ತು ಸೇರಿದಾಗ ಬಾಬಾಸಾಹೇಬ ಅಂಬೇಡ್ಕರ್ ಬಂದಿದ್ದರು. ಅದೇ ವರ್ಷದ ಆರಂಭದಲ್ಲಿ ಅವರ ಬಹಿಷ್ಕೃತ ಹಿತಕಾರಿಣಿ ಸಭೆ ಸೊಲ್ಲಾಪುರದಲ್ಲಿ ವಿದ್ಯಾರ್ಥಿಗಳ ವಸತಿಗೃಹ ತೆರೆದಿತ್ತು. ಸರಕಾರಿ ಶಾಲೆಗಳ ಬಿಸಿಯೂಟಕ್ಕೆ ಕರ್ನಾಟಕ ಇಟ್ಟ ಹೆಸರು ಅಕ್ಷರ ದಾಸೋಹ. ಹೆಸರು ಮಠದ್ದು, ಪಂಕ್ತಿ ಎಲ್ಲರದು.

ಯಾವ ಭಾಷೆಯಲ್ಲಿ ಕಲಿಯಬೇಕೆಂಬ ಪ್ರಶ್ನೆ ಇಲ್ಲಿ ಯಾವತ್ತೂ ಬಿಸಿ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಮುಂಬಯಿ ಕರ್ನಾಟಕದ ಕನ್ನಡ ಮಕ್ಕಳು ಮರಾಠಿ ಸಾಲಿಯಲ್ಲಿ ಓದುತ್ತಿದ್ದರು. ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪ, ಅವರ ಮೇಲಧಿಕಾರಿ ರಸೆಲ್ ಪಟ್ಟು ಹಿಡಿದು ಕನ್ನಡ ಸಾಲಿಗಳನ್ನು ತೆರೆಸಿದರು. ಈಗ ಕರ್ನಾಟಕ ಸರಕಾರ ನಿಪ್ಪಾಣಿ, ಚಿಕ್ಕೋಡಿ ಭಾಗದಲ್ಲಿ ಮರಾಠಿ ಶಾಲೆಗಳನ್ನೂ ಉರ್ದು ಶಾಲೆಗಳನ್ನೂ ನಡೆಸುತ್ತದೆ, ಆಚೆಗೆ ಜತ್ತ, ಅಕ್ಕಲಕೋಟೆಗಳಲ್ಲಿ ಮಹಾರಾಷ್ಟ್ರದ ಕನ್ನಡ ಶಾಲೆಗಳಿವೆ. ಗಡಿಯ ವಿಚಿತ್ರ ನೋಡಬೇಕಾದರೆ ನಿಪ್ಪಾಣಿಯ ದೇವಚಂದ ಕಾಲೇಜಿಗೆ ಹೋಗಬೇಕು. ಊರಿನವರ ಬಾಯಲ್ಲಿ ಅದು ನಿಪ್ಪಾಣಿಯ ಕಾಲೇಜು, ವಿಳಾಸ ಮಾತ್ರ ಅರ್ಜುನನಗರ, ತಾಲ್ಲೂಕು ಕಾಗಲ, ಜಿಲ್ಲೆ ಕೊಲ್ಲಾಪುರ. ಹುಡುಗರು ಕರ್ನಾಟಕದ ಮನೆಯಿಂದ ಸೈಕಲ್ ಹತ್ತಿ ಹೊರಟು ಶಿವಾಜಿ ವಿಶ್ವವಿದ್ಯಾಲಯದ ಪದವಿ ಪಡೆಯುತ್ತಾರೆ. ಇಷ್ಟರ ನಡುವೆ ಎರಡೂ ಭಾಷೆಯ ಪಾಲಕರು ಹುಡುಕುತ್ತಿರುವುದು ಇಂಗ್ಲಿಷ್ ಮೀಡಿಯಮ್ ಎಂಬುದು ಬೇರೆ ಮಾತು.

ಸಾಲೋಟಗಿಯ 27 ಮನೆಗಳಿಗೆ ಇಂದಿನ ಜೋಡಿ ಹುಡುಕಿದರೆ ಅದು ಚಿಕ್ಕೋಡಿ ತಾಲ್ಲೂಕಿನ ಕೋಥಳಿಯಲ್ಲಿ ಸಿಗುತ್ತದೆ. ಜೈನ ಮುನಿ ಆಚಾರ್ಯ ದೇಶಭೂಷಣರು ಹುಟ್ಟಿದ ಈ ಊರಿನಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ, ವರ್ಷಕ್ಕೆ ಎಂಬತ್ತು ಮಕ್ಕಳು. ಮುಕ್ಕಾಲು ಪಾಲು ಜಾಗ ಹಳ್ಳಿಗಳಿಗೆ ಮೀಸಲು, ಮೂರನೇ ಒಂದು ಪಾಲಾದರೂ ಹುಡುಗಿಯರಿರಬೇಕು. ಊಟ, ವಸತಿ ಸರಕಾರದ್ದು. ಒಂಬತ್ತನೆಯ ತರಗತಿಗೆ ಬಂದ ಒಂದಷ್ಟು ಮಕ್ಕಳು ಒಂದು ವರ್ಷ ಹಿಂದಿ ನಾಡಿನ ನವೋದಯಕ್ಕೆ ಹೋಗಬೇಕು, ಅಲ್ಲಿನವರು ಇಲ್ಲಿಗೆ ಬರಬೇಕು. ಬೇರೆ ಬೇರೆ ನಾಡಿನ ಮಕ್ಕಳು ಒಂದೆಡೆ ಉಂಡು ಮಲಗಿ ಓದುವ 945ರ ಕಲ್ಪನೆ ಹಾಗೆಯೇ ಇದೆ. ಆರಿಸುವ ತಕ್ಕಡಿ ಬದಲಾಗಿದೆ: ಜನಿವಾರದ ಜಾಗದಲ್ಲಿ ಈಗ ಓ.ಎಂ.ಆರ್. ಹಾಳೆ. ಹನ್ನೊಂದು ವರ್ಷದ ಮಗುವಿಗೆ ಆ ಹಾಳೆಗಾಗಿ ಕೋಚಿಂಗ್ ಹಚ್ಚುವ ಪಾಲಕರನ್ನು ನೋಡಿದರೆ, ದುಡ್ಡಿದ್ದವರ ಮಕ್ಕಳ ಕಡೆಗೆ ಈ ತಕ್ಕಡಿಯೂ ತುಸು ವಾಲುತ್ತದೆ ಅನ್ನಿಸದೆ ಇರದು.

ಶಿಕ್ಷಣ ಹಕ್ಕು ಕಾಯ್ದೆ ಎಲ್ಲರನ್ನೂ ಒಳಗೆ ಕರೆದಿದೆ. ಆದರೂ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಹಾಜರಿ ಪುಸ್ತಕದ ಲೆಕ್ಕ ತಪ್ಪುತ್ತದೆ. ಉಗಾರದಲ್ಲಿ 1939ರಲ್ಲಿ ಆರಂಭವಾದ ಕಾರ್ಖಾನೆಯಿಂದ ಹಿಡಿದು ಕೃಷ್ಣೆ, ದೂಧಗಂಗೆಯರ ದಂಡೆಗುಂಟ ಸಕ್ಕರೆ ಕಾರ್ಖಾನೆಗಳ ಸಾಲೇ ಇದೆ. ಚಳಿಗಾಲಕ್ಕೆ ಬೀಡ ಕಡೆಯಿಂದಲೂ ವಿಜಯಪುರ ಕಡೆಯಿಂದಲೂ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಗುಡಿಸಲು ಹಾಕುತ್ತವೆ. ಗಂಡ ಹೆಂಡತಿ ನಸುಕಿಗೇ ಕಬ್ಬಿನ ಫಡಕ್ಕೆ ಹೋದರೆ ಗುಡಿಸಲಿನಲ್ಲಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಉಳಿಯುವವಳು ಎಂಟೊಂಬತ್ತು ವರ್ಷದ ಅಕ್ಕ. ಅವಳ ಹೆಸರು ತನ್ನೂರಿನ ಸಾಲಿಯ ಪಟ್ಟಿಯಲ್ಲಿ ಭದ್ರವಾಗಿರುತ್ತದೆ. ಇಂಥ ಮಕ್ಕಳಿಗೆಂದು ಬಿಡಾರದ ಹತ್ತಿರವೇ ತೆರೆದ ಶಾಲೆಗೆ ಮಹಾರಾಷ್ಟ್ರದವರು ಸಾಖರ ಶಾಳಾ ಎಂದರು, ನಮ್ಮವರು ಟೆಂಟ್ ಶಾಲೆ ಎಂದರು. ಹಂಗಾಮು ಮುಗಿದು ಬಿಡಾರ ಕೀಳುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ನಿಪ್ಪಾಣಿಯ ಬೀಡಿ ಕಟ್ಟುವ ಮನೆಗಳಲ್ಲಿ ಅವ್ವನ ಮೊರದ ಪಕ್ಕ ಕೂತು ಕೈಗೂಡಿಸುತ್ತ ಬೆಳೆದ ಹುಡುಗಿಯರ ಕತೆಯೂ ದೂರದ್ದಲ್ಲ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರಕಾರದ ವಿದ್ಯಾರ್ಥಿವೇತನವಿದೆ. ಶಾಹೂ ಕಾಲದ ದಂಡ ಈಗ ತಿರುವುಮುರುವಾಗಿ, ಕಳಿಸಿದರೆ ದುಡ್ಡು ಎಂದಾಗಿದೆ.

ಅಪ್ಪನ ಅಂಗಳದ ಮಾತು ಇನ್ನೂ ಉಳಿದಿದೆ. ಅಥಣಿ, ಮದಭಾವಿ, ನಿಪ್ಪಾಣಿಗಳಲ್ಲಿ ಚಪ್ಪಲಿ ಮಾಡುವ ಮನೆಗಳಿವೆ. ದೇಶವೆಲ್ಲ ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿ ಅದು. ಜಾಲಿಯ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಹದವಾದ ತೊಗಲನ್ನು ಗಂಡಸರು ಅಟ್ಟೆಗೆ ಕೊಯ್ಯುತ್ತಾರೆ, ಹೆಂಗಸರು ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದು ಪಟ್ಟಿ ಮಾಡುತ್ತಾರೆ, ತೊಗಲಿನ ದಾರದಿಂದಲೇ ಹೊಲಿಗೆ. ಮೊಳೆಯ ಮಾತೇ ಇಲ್ಲ. ತೊಗಲು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಬೆರಳಿನಲ್ಲಿ ಹಿಚುಕಿ ಹೇಳುವ ವಿದ್ಯೆಗೆ ಪಠ್ಯವಿಲ್ಲ. ಆರೇಳು ವರ್ಷದಿಂದ ಅಪ್ಪನ ಪಕ್ಕ ಕೂತವನಿಗೆ ಅದು ತಾನಾಗಿ ಬರುತ್ತಿತ್ತು. ಸಾಲಿಗೆ ಹೋದ ಮಗ ಅದನ್ನು ಕಲಿಯಲಿಲ್ಲ, ಕಲಿಯಬೇಕೆಂದು ಅಪ್ಪನೂ ಹಟ ಹಿಡಿಯಲಿಲ್ಲ. ಆ ವಿದ್ಯೆಯ ಜೊತೆಗೆ ಊರ ಹೊರಗಿನ ಮನೆ, ಮುಟ್ಟಿಸಿಕೊಳ್ಳದ ನೋಟ ಎಲ್ಲವೂ ಬಂದಿದ್ದವು. ಕುಲಕಸುಬಿನ ಶಿಕ್ಷಣವನ್ನು ಹಾಡಿ ಹೊಗಳುವವರು ಈ ಅಪ್ಪನ ಎದುರು ಒಮ್ಮೆ ಕೂರಬೇಕು.

2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು, ಬೆಳಗಾವಿ ಅದರಲ್ಲೊಂದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ಗಲಾಟೆಯಾಯಿತು. ಡಿಸೆಂಬರಿನಲ್ಲಿ ಕಂಪನಿ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಮ್ ಎಂಬ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಇಲ್ಲಿನ ಕುಶಲಕರ್ಮಿಗಳಿಂದ ಚಪ್ಪಲಿ ಮಾಡಿಸುವುದರ ಜೊತೆಗೆ ತರಬೇತಿ ಕಾರ್ಯಕ್ರಮಗಳ ಮಾತೂ ಅದರಲ್ಲಿದೆ. ಅಟ್ಟೆ ಕೊಯ್ಯುವುದು, ಪಟ್ಟಿ ಹೆಣೆಯುವುದು ಇನ್ನು ಮೇಲೆ ತರಗತಿಯ ಪಾಠ. ಹೆಸರು ಬರೆಸಲು ಯಾವ ಮನೆಯ ಮಗ, ಯಾವ ಮನೆಯ ಮಗಳು ಬರುತ್ತಾರೆಂಬುದು ಇನ್ನು ಕೆಲವು ವರ್ಷಗಳಲ್ಲಿ ಹಾಜರಿ ಪುಸ್ತಕದಿಂದಲೇ ತಿಳಿಯಲಿದೆ.